ಬಿಟ್ಟದ್ದು ಸರಿ, ಕೊಟ್ಟದ್ದು ಯಾರಿಗೆ?

ಕಳೆದ ತಿಂಗಳು ಒಂದು ಬೆಳಿಗ್ಗೆ ನಮ್ಮ ಎದುರು ಮನೆಯ ಮೋಶೆ ಅಂಕಲ್ ತಮ್ಮ ಹಳೆಯ ಹಸಿರು ಕಾರನ್ನು ಮನೆಯ ಪಕ್ಕದಿಂದ ತೆಗೆದು ರಸ್ತೆಯಲ್ಲಿ ನಿಲ್ಲಿಸಿದರು. ಅಷ್ಟೆ. ನಮ್ಮ ಬೀದಿಯ ಶಾಂತಿ ಅಂದೇ ಕೆಟ್ಟಿತು.

ಒಂದು ಕಾರು ಜಾಗ ಬದಲಿಸಿದ್ದಕ್ಕೆ ಇಷ್ಟು ದೊಡ್ಡ ಮಾತೇ ಎಂದು ನೀವು ಕೇಳಬಹುದು. ಸ್ವಲ್ಪ ತಡೆಯಿರಿ ಮಾರಾಯ್ರೆ, ಮೊದಲು ನಮ್ಮ ಬೀದಿಯ ಭೂಗೋಳ ಹೇಳಿಬಿಡುತ್ತೇನೆ.

ಲಂಡನ್ನಿನ ನಮ್ಮ ರೇನರ್ಸ್ ಲೇನ್‌ನಲ್ಲಿ ಮನೆಗಳು ಜೋಡಿ ಜೋಡಿ. ಒಂದು ಜೋಡಿಗೂ ಪಕ್ಕದ ಜೋಡಿಗೂ ನಡುವೆ ಒಂದೇ ಒಂದು ಕಾರು ನುಸುಳುವಷ್ಟು ದಾರಿ, ಹಿಂದೆ ಎರಡು ಗ್ಯಾರೇಜು. ದಾರಿಯಲ್ಲಿ ಅರ್ಧ ಈ ಮನೆಯದು, ಅರ್ಧ ಆ ಮನೆಯದು. ಆದರೆ ಅರ್ಧ ದಾರಿಯಲ್ಲಿ ಹೋಗುವ ಕಾರನ್ನು ಇನ್ನೂ ಯಾರೂ ತಯಾರಿಸಿಲ್ಲವಲ್ಲ? ಆದ್ದರಿಂದ ಇಬ್ಬರೂ ಹಂಚಿಕೊಂಡೇ ಬಾಳಬೇಕು. ಶೇರ್ಡ್ ಡ್ರೈವ್ ಎನ್ನುತ್ತಾರೆ. (ಲಂಡನ್ನಿನ ಅರ್ಧದಷ್ಟು ವಕೀಲರ ಹೊಟ್ಟೆ ತುಂಬುವುದು ಇದರಿಂದಲೇ ಎಂದು ನನ್ನ ಗಂಡ ವಿನ್ಸೆಂಟರ ಅಭಿಪ್ರಾಯ.)

ನಮ್ಮ ಎದುರಿನ ದಾರಿಯ ಎಡಕ್ಕೆ ಮೋಶೆ ಅಂಕಲ್. ಇಸ್ರೇಲಿನ ಹೈಫಾದಲ್ಲಿ ಹುಟ್ಟಿದ ಯಹೂದಿ, ವಾಚ್ ರಿಪೇರಿ ಮಾಡಿ ನಿವೃತ್ತರಾದವರು. ಬಲಕ್ಕೆ ಯೂಸುಫ್ ಅಂಕಲ್. ಪ್ಯಾಲೆಸ್ತೀನಿ, ಔಷಧಿ ಅಂಗಡಿ ನಡೆಸುತ್ತಿದ್ದವರು. ಜಾಫಾದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ, ಇಸ್ರೇಲ್ ಹುಟ್ಟಿದಾಗಿನ ಯುದ್ಧದಲ್ಲಿ ಮನೆ ಕಳೆದುಕೊಂಡು, ಗಾಝಾದಲ್ಲಿ ಬೆಳೆದು ಇಲ್ಲಿಗೆ ಬಂದರು. ಅವರ ಅಣ್ಣ ಈಗಲೂ ಗಾಝಾದಲ್ಲಿದ್ದಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ, ಇಬ್ಬರ ಹೆಂಡತಿಯರೂ ತೀರಿಕೊಂಡಿದ್ದಾರೆ.

ಮೋಶೆ ಅಂಕಲ್‌ಗೆ ಕಾರನ್ನು ಗ್ಯಾರೇಜಿಗೆ ಹಾಕುವ ಅಭ್ಯಾಸವಿಲ್ಲ. ದಾರಿಯ ನಟ್ಟನಡುವೆ ಬಿಟ್ಟು ಮಲಗುತ್ತಾರೆ. ಯೂಸುಫ್ ಅಂಕಲ್‌ಗೆ ಬೆಳಗಾದರೆ ಕಾರು ತೆಗೆದು ಬ್ರೆಡ್ ತರಲು ಹೋಗಬೇಕು. ಹೀಗಾಗಿ ನಮ್ಮ ಬೀದಿಯ ಸುಪ್ರಭಾತ ಏನು ಗೊತ್ತೇ? ಯೂಸುಫ್ ಅಂಕಲ್ ಮೋಶೆ ಅಂಕಲ್‌ರ ಬಾಗಿಲು ತಟ್ಟುವುದು. ಅವರು ಚಪ್ಪಲಿಯಲ್ಲಿ ಕಾಲು ತುರುಕಿಕೊಂಡು ಗೊಣಗುತ್ತ ಬರುತ್ತಾರೆ. ಇವರು ಬೈಯುತ್ತಾರೆ. ಅವರು ತಿರುಗಿ ಬೈಯುತ್ತಾರೆ. ಆಮೇಲೆ ಕಾರು ಅಲ್ಲೇ ಇರುತ್ತದೆ, ಇಬ್ಬರೂ ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿರುತ್ತಾರೆ.

ಇಬ್ಬರಿಗೂ ದಿನದಲ್ಲಿ ಮಾತಾಡಲು ಸಿಗುವ ಮೊದಲ ಮನುಷ್ಯ ಇನ್ನೊಬ್ಬರು. ಎಷ್ಟೋ ದಿನ ಕೊನೆಯ ಮನುಷ್ಯನೂ ಅವರೇ.

ಈ ೨೦೦೫ರ ಆಗಸ್ಟಿನಲ್ಲಿ ಟೀವಿ ತುಂಬ ಗಾಝಾ. ಇಸ್ರೇಲ್ ಅಲ್ಲಿ ನೆಲೆಸಿದ್ದ ತನ್ನ ಜನರನ್ನೂ ಸೈನ್ಯವನ್ನೂ ಹೊರತರುತ್ತಿತ್ತು. ಒಂದು ಸಂಜೆ ನಾನು ಕೆಸುವಿನೆಲೆಯ ಪತ್ರೊಡೆ ಕೊಡಲು ಹೋದಾಗ ಮೋಶೆ ಅಂಕಲ್ ಅದನ್ನೇ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಪರದೆಯ ಮೇಲೆ ಒಬ್ಬ ಹೆಂಗಸು ಮನೆಯ ಬಾಗಿಲು ಹಿಡಿದು ಅಳುತ್ತಿದ್ದಳು. ಅವಳನ್ನು ಹೊರಡಿಸಲು ಬಂದ ಸೈನಿಕನೂ ಅಳುತ್ತಿದ್ದ.

ಮೋಶೆ ಅಂಕಲ್‌ಗೆ ಭಾಷೆಗಳ ಹುಚ್ಚು. ಹೀಗೆ ಇನ್ನೊಬ್ಬರಿಗಾಗಿ ಜಾಗ ಖಾಲಿ ಮಾಡುವುದಕ್ಕೆ ನಿಮ್ಮ ಕೆನಡಾ ಭಾಷೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದರು. (ಕನ್ನಡ ಎಂದು ತಿದ್ದಿ ತಿದ್ದಿ ನಾನು ಸೋತಿದ್ದೇನೆ.) ಬಿಟ್ಟುಕೊಡುವುದು ಎಂದೆ. ಅವರು ಆ ಪದವನ್ನು ವಾಚಿನ ಹಿಂಬದಿ ತೆಗೆದ ಹಾಗೆ ಬಿಚ್ಚಿ ನೋಡಿದರು. ಬಿಡುವುದು ಎಂದರೆ ಏನು? ಕೊಡುವುದು ಎಂದರೆ ಏನು? ಎರಡನ್ನೂ ಹೇಳಿದೆ. ಒಂದು ಕೆಲಸಕ್ಕೆ ಎರಡೆರಡು ಕ್ರಿಯಾಪದ ಯಾಕೆ ಎಂದರು.

ನಾವು ಹಾಗೇ, ಹೊರಡುವಾಗ ಕೂಡ ಬರೀ ಹೋಗುತ್ತೇನೆ ಅನ್ನುವುದಿಲ್ಲ, ಹೋಗಿ ಬರುತ್ತೇನೆ ಅನ್ನುತ್ತೇವೆ ಎಂದು ಏನೋ ಹೇಳಿ ತಪ್ಪಿಸಿಕೊಂಡೆ.

ಮರುದಿನ ಕಾಫಿಯ ಹೊತ್ತಿಗೆ ಆ ಇಬ್ಬರಿಗೂ ನಿಜವಾಗಿಯೇ ಜಟಾಪಟಿಯಾಯಿತು. ನಾವು ಗಾಝಾ ಬಿಟ್ಟುಕೊಟ್ಟೆವು, ಇನ್ನಾದರೂ ಸಮಾಧಾನವಾಯಿತಲ್ಲ ಎಂದರಂತೆ ಮೋಶೆ ಅಂಕಲ್. ನನ್ನ ಅಣ್ಣ ಈಗಲೂ ಗಡಿಯ ಗೇಟಿನಲ್ಲಿ ನಿಮ್ಮವರನ್ನು ಕೇಳದೆ ಹೊರಗೆ ಹೋಗುವಂತಿಲ್ಲ ಎಂದರಂತೆ ಯೂಸುಫ್ ಅಂಕಲ್. ಕಪ್ಪುಗಳು ಅರ್ಧಕ್ಕೇ ಕೆಳಗಿಳಿದವು.

ಅದರ ಮರುದಿನವೇ ಹಸಿರು ಕಾರು ರಸ್ತೆಗೆ ಬಂದದ್ದು.

ಈಗ ಯೂಸುಫ್ ಅಂಕಲ್‌ಗೆ ಇಡೀ ದಾರಿ ಸಿಕ್ಕಿತಲ್ಲ, ಖುಷಿಯಾಗಬೇಕಿತ್ತಲ್ಲ? ಅವರು ತಮ್ಮ ಕಾರನ್ನೂ ತಂದು ರಸ್ತೆಯಲ್ಲೇ ನಿಲ್ಲಿಸಿದರು. ವಿನ್ಸೆಂಟ್ ಕ್ಯಾನರಿ ವಾರ್ಫ್‌ನಲ್ಲಿ ದುಡಿದು ಮನೆಗೆ ಬಂದು ನೋಡಿದರೆ ನಮ್ಮ ಕಾರಿನ ಜಾಗದಲ್ಲಿ ಮಧ್ಯಪ್ರಾಚ್ಯ ನಿಂತಿತ್ತು. ಆಗ ಅವರು ಹೇಳಿದ್ದು ಕೊಂಕಣಿಯಲ್ಲಿ, ಇಲ್ಲಿ ಬರೆಯುವಂಥದ್ದಲ್ಲ. ಆ ಖಾಲಿ ದಾರಿಯಲ್ಲಿ ಮಾತ್ರ ಒಂದು ನರಿ ಬಂದು ಆರಾಮವಾಗಿ ಬಿಸಿಲು ಕಾಯಿಸಿಕೊಳ್ಳತೊಡಗಿತು. (ಲಂಡನ್ನಿನ ನರಿಗಳಿಗೆ ಯಾರ ಹೆದರಿಕೆಯೂ ಇಲ್ಲ.)

ಬಾಗಿಲು ತಟ್ಟುವ ಸದ್ದು ನಿಂತಿತು. ನನಗೆ ಬೆಳಗಾದದ್ದೇ ಗೊತ್ತಾಗುತ್ತಿರಲಿಲ್ಲ. ಮೋಶೆ ಅಂಕಲ್ ಶೇವ್ ಮಾಡುವುದನ್ನು ಬಿಟ್ಟರು. ಯೂಸುಫ್ ಅಂಕಲ್ ಬ್ರೆಡ್ ತರುವುದನ್ನು ಬಿಟ್ಟರು. ನನಗೆ ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ ಮಾತು ನಿಂತರೆ ಅದನ್ನು ಮತ್ತೆ ಶುರು ಮಾಡಲು ಎಷ್ಟು ವರ್ಷ ಉಳಿದಿರುತ್ತದೆ?

ಇಬ್ಬರ ಮನೆಗೂ ಹೋದೆ. ಮೊದಲು ಮೋಶೆ ಅಂಕಲ್‌ರದು. ಅವರು ಸಿಟ್ಟಿನಿಂದ ಕಾರು ತೆಗೆದದ್ದಲ್ಲವಂತೆ. ರಾತ್ರಿಯೆಲ್ಲ ಯೋಚಿಸಿದರಂತೆ. ಅಲ್ಲಿ ಯಾರು ಏನು ಮಾಡುತ್ತಾರೋ ನನ್ನ ಕೈಯಲ್ಲಿಲ್ಲ, ನನ್ನ ಮನೆಯ ಪಕ್ಕದ ದಾರಿಯಾದರೂ ಅವನಿಗಿರಲಿ ಎಂದು ಬಿಟ್ಟರಂತೆ. ಅದನ್ನು ಅವರಿಗೆ ಹೇಳಿದಿರಾ ಎಂದು ಕೇಳಿದೆ. ಹೇಳುವುದೇನಿದೆ, ಕಣ್ಣಿಗೆ ಕಾಣುತ್ತದಲ್ಲ ಎಂದರು.

ಯೂಸುಫ್ ಅಂಕಲ್‌ರ ಕಣ್ಣಿಗೆ ಕಂಡದ್ದೇ ಬೇರೆ. ನನ್ನ ಜೊತೆ ಒಂದು ದಾರಿಯಲ್ಲಿ ಕೂಡ ಇರುವುದು ಅವನಿಗೆ ಬೇಡವಾಯಿತು ಎಂದರು. ಮತ್ತೆ ಕಿಟಕಿಯಿಂದ ಹೊರಗೆ ನೋಡುತ್ತ ಒಂದು ಮಾತು ಹೇಳಿದರು.

"ಅವನು ಬಿಟ್ಟು ಹೋದ, ರೀಟಾ. ನನಗೆ ಕೊಟ್ಟಿಲ್ಲ."

ನಾನು ಕುಳಿತಲ್ಲೇ ನೆಟ್ಟಗಾದೆ. ಮೋಶೆ ಅಂಕಲ್ ಕೇಳಿದ ಪ್ರಶ್ನೆಗೆ ಉತ್ತರ ಆಚೆ ಮನೆಯಿಂದ, ಕನ್ನಡದ ಗಂಧಗಾಳಿಯಿಲ್ಲದ ಮನುಷ್ಯನಿಂದ ಬಂದಿತ್ತು. ಬಿಡುವುದು ಒಂದು ಕೆಲಸ. ಕೊಡುವುದು ಇನ್ನೊಂದು. ಬಿಡಲು ಒಬ್ಬರು ಸಾಕು, ಕೊಡಲು ಇಬ್ಬರು ಬೇಕು. ಆದರೆ ಅದನ್ನು ಇವರಿಬ್ಬರ ತಲೆಗೆ ತುಂಬುವುದು ಹೇಗೆ? ಮಧ್ಯೆ ನಾನು ರಾಯಭಾರಿಯಾಗಿ ಓಡಾಡಿದರೆ ಇಬ್ಬರೂ ಸೇರಿ ನನ್ನನ್ನೇ ಓಡಿಸುತ್ತಾರೆ.

ಅಷ್ಟರಲ್ಲಿ ನಮ್ಮ ಮೊಂತಿ ಹಬ್ಬ ಬಂತು. ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಓದುಗರಿಗೆ ಎರಡು ಮಾತು. ಸೆಪ್ಟೆಂಬರಿನಲ್ಲಿ ಮಾತೆ ಮರಿಯಮ್ಮನ ಹುಟ್ಟುಹಬ್ಬ, ಅದೇ ನಮಗೆ ಹೊಸ ಅಕ್ಕಿಯ ಹಬ್ಬ. ಮೀನು ಮಾಂಸ ಇಲ್ಲದ ಊಟ, ಬರೀ ತರಕಾರಿ. ಹಂದಿಯೂ ಇಲ್ಲ, ಹಲಾಲಿನ ಪ್ರಶ್ನೆಯೂ ಇಲ್ಲ. ಇಬ್ಬರನ್ನೂ ಕರೆಯಲು ಇದಕ್ಕಿಂತ ಒಳ್ಳೆಯ ದಿನ ಎಲ್ಲಿ ಸಿಕ್ಕೀತು? ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತ, ಅಡ್ಡಿಯಿಲ್ಲವಾ ಎಂದು ಮೊದಲೇ ಕೇಳಿದೆ. ಅಕ್ಕಿ ಅಕ್ಕಿಯೇ ಎಂದರು ಯೂಸುಫ್ ಅಂಕಲ್. ದೇವರ ವಿಷಯದಲ್ಲಿ ನಾನು ರಜೆಯಲ್ಲಿದ್ದೇನೆ ಎಂದರು ಮೋಶೆ ಅಂಕಲ್. ಇನ್ನೊಬ್ಬರೂ ಬರುತ್ತಾರೆಂದು ಇಬ್ಬರಿಗೂ ಹೇಳಲಿಲ್ಲ.

ಬಂದರು. ನೋಡಿದರು. ಇಬ್ಬರೂ ವಿನ್ಸೆಂಟರ ಜೊತೆ ಹವಾಮಾನ ಮಾತಾಡಿದರು.

ಊಟಕ್ಕೆ ಮುಂಚೆ ಹೊಸ ಅಕ್ಕಿಯನ್ನು ಕುಟ್ಟಿ ಹಾಲು ಸಕ್ಕರೆ ಬೆರೆಸಿ ಎಲ್ಲರಿಗೂ ಒಂದೊಂದು ಚಮಚ ಕೊಡುವುದು ಕ್ರಮ. ನಮ್ಮ ಮನೆಯಲ್ಲಿ ಅದನ್ನು ಊಟಕ್ಕೆ ಕೂತವರಲ್ಲಿ ಹಿರಿಯರಾದವರೇ ಕೈಯಾರೆ ಕೊಡಬೇಕು. ಹಿರಿಯರು ಯಾರು ಎಂದು ಕೇಳಿದೆ. ನಿಜ ಹೇಳುತ್ತೇನೆ, ನಾನು ಅಷ್ಟೆಲ್ಲ ಲೆಕ್ಕ ಹಾಕಿ ಕೇಳಿದ್ದಲ್ಲ. ಇಬ್ಬರೂ ಒಟ್ಟಿಗೇ ಅವನು ಎಂದು ಒಬ್ಬರನ್ನೊಬ್ಬರು ತೋರಿಸಿದರು. ನನ್ನ ಮಗಳು ಆಶ್ಲಿನ್‌ಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಬಾಯಿಂದ ಬರುವುದು ಮಾತ್ರ ಇಂಗ್ಲಿಷು. "ವೆನ್ಸ್ ಯುವರ್ ಬರ್ತ್‌ಡೇ?" ಎಂದು ಇಬ್ಬರನ್ನೂ ಕೇಳಿದಳು. ಮೋಶೆ ಅಂಕಲ್ ನಾಲ್ಕು ತಿಂಗಳು ದೊಡ್ಡವರೆಂದು ತೀರ್ಮಾನವಾಯಿತು.

ಅವರು ಬಟ್ಟಲು ಹಿಡಿದು ಎದ್ದರು. ವಿನ್ಸೆಂಟರಿಗೆ ಕೊಟ್ಟರು, ನನಗೆ ಕೊಟ್ಟರು, ಆಶ್ಲಿನ್‌ಗೆ ಕೊಟ್ಟರು. ಯೂಸುಫ್ ಅಂಕಲ್‌ರ ಎದುರು ನಿಂತರು. ಯೂಸುಫ್ ಅಂಕಲ್‌ರ ಕೈ ಟೇಬಲ್ಲಿನ ಕೆಳಗೇ ಇತ್ತು. ತುಂಬಿದ ಚಮಚದಿಂದ ಹಾಲು ಮೇಜಿನ ಬಟ್ಟೆಗೆ ತೊಟ್ಟಿಕ್ಕುತ್ತಿತ್ತು.

"ದಾರಿ ಬಿಟ್ಟದ್ದು ನಿನಗೋಸ್ಕರ, ಯೂಸುಫ್. ಹೇಳಲು ನಾಚಿಕೆಯಾಯಿತು."

"ಹೇಳದೆ ಬಿಟ್ಟರೆ ನಾನು ಹೇಗೆ ತೆಗೆದುಕೊಳ್ಳಲಿ?"

ಹಾಗೆಂದು ಕೈ ಮೇಲೆ ತಂದು ಅಂಗೈ ಚಾಚಿದರು. ಅಕ್ಕಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಮತ್ತೆ, ನನಗೆ ಖಾಲಿ ದಾರಿ ಬೇಡ, ನಾಳೆಯೇ ಆ ಹಾಳು ಕಾರನ್ನು ಮೊದಲಿದ್ದಲ್ಲೇ ತಂದು ನಿಲ್ಲಿಸು ಎಂದರು. ನನಗೆ ಅಳು ಬಂತು. ಬಡಿಸುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅತ್ತೆ.

ವಾಪಸು ಬಂದವಳು ಸುಮ್ಮನಿರಬೇಕಿತ್ತು. ಅಂಕಣ ಬರೆಯುವವರ ಚಾಳಿ ನೋಡಿ; ನಿಮ್ಮ ದೇಶದವರೂ ಹೀಗೇ ಮಾಡಿದರೆ ಮುಗಿಯಿತಲ್ಲ ಎಂದುಬಿಟ್ಟೆ. ಯೂಸುಫ್ ಅಂಕಲ್ ನಕ್ಕರು.

"ನಿನ್ನ ಪೇಪರಿನಲ್ಲಿ ಹಾಗೆ ಬರೆಯಬೇಡಮ್ಮ. ಇಲ್ಲಿ ಅವನ ಗ್ಯಾರೇಜಿನ ಕೀ ಅವನ ಹತ್ತಿರ, ನನ್ನದು ನನ್ನ ಹತ್ತಿರ. ಅಲ್ಲಿ ಎರಡೂ ಅವರ ಹತ್ತಿರವೇ."

ಅವರ ತಾಯಿ ಜಾಫಾದ ಮನೆಗೆ ಬೀಗ ಹಾಕಿ ಹೊರಟಾಗ, ಹೋಗಿ ಬರುತ್ತೇವೆ ಎಂದುಕೊಂಡೇ ಹೊರಟದ್ದಂತೆ. ಮೋಶೆ ಅಂಕಲ್ ಅದಕ್ಕೆ ಎದುರಾಡಲಿಲ್ಲ. ಆದರೆ ಹೈಫಾದಲ್ಲಿರುವ ತಮ್ಮ ತಂಗಿ ಈಗಲೂ ಬಸ್ಸು ಹತ್ತಿದ ಕೂಡಲೇ ಯಾರ ಹತ್ತಿರ ಬಾಂಬಿದೆಯೋ ಎಂದು ಒಳಗೆ ಕೂತವರ ಮುಖಗಳನ್ನೆಲ್ಲ ಒಮ್ಮೆ ನೋಡುತ್ತಾಳೆ, ಆ ಭಯವನ್ನು ಯಾವ ಜಾಗ ಕೊಟ್ಟು ತೆಗೆಯಲಿ ಎಂದರು. ಇಬ್ಬರೂ ಇನ್ನೊಬ್ಬರ ಮಾತು ಒಪ್ಪಲಿಲ್ಲ. ಇಬ್ಬರೂ ಇನ್ನೊಂದು ಸಲ ಪಾಯಸ ಹಾಕಿಸಿಕೊಂಡರು.

ಯೂಸುಫ್ ಅಂಕಲ್ ಹೇಳಿದ್ದು ಸರಿ. ಒಂದು ಕಾರಿನ ದಾರಿ ದೇಶವಲ್ಲ. ನಮ್ಮ ಬೀದಿಯಲ್ಲಿ ಯಾರ ಕೈಯಲ್ಲೂ ಬಂದೂಕಿಲ್ಲ, ಜಗಳ ವಿಪರೀತವಾದರೆ ಇಬ್ಬರೂ ಹೋಗಿ ದೂರುವುದು ಒಂದೇ ಕೌನ್ಸಿಲ್‌ಗೆ. ಜಾಗ ಬಿಡದೆ ಅಲ್ಲಿ ಶಾಂತಿ ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಬರೀ ಜಾಗ ಬಿಟ್ಟರೆ ಬಂದುಬಿಡುತ್ತದೆ ಎಂದೂ ಈಗ ಅನ್ನಿಸುವುದಿಲ್ಲ. ಕೊಡುವವನು ಎದುರು ನಿಂತು ಇದು ನಿನ್ನದು ಎನ್ನಬೇಕು, ತೆಗೆದುಕೊಳ್ಳುವವನು ಕೈ ಮೇಲೆ ತರಬೇಕು. ನಡುವೆ ಸ್ವಲ್ಪ ಹಾಲು ಚೆಲ್ಲಿದರೂ ಪರವಾಗಿಲ್ಲ.

ಹಸಿರು ಕಾರು ಈಗ ಮತ್ತೆ ದಾರಿಗೆ ಅಡ್ಡ ನಿಂತಿದೆ. ನರಿಗೆ ಬೇಸರ, ವಿನ್ಸೆಂಟರಿಗೆ ಪಾರ್ಕಿಂಗ್ ಸಿಕ್ಕಿದ ಖುಷಿ. ಇವತ್ತು ಬೆಳಿಗ್ಗೆ ಈ ಬರಹಕ್ಕೆ ಕುಳಿತಾಗ ಎದುರು ಮನೆಯ ಬಾಗಿಲು ದಬದಬ ಬಡಿಯುವ ಸದ್ದು, ಹಿಂದೆಯೇ ಬೈಗುಳ, ಸ್ವಲ್ಪ ಹೊತ್ತಿಗೆ ಕಾಫಿಯ ವಾಸನೆ.

ಗಾಝಾವನ್ನು ಬಿಟ್ಟದ್ದನ್ನು ಟೀವಿಯಲ್ಲಿ ನೋಡಿ ಆಯಿತು. ಕೊಡುವುದನ್ನು ಯಾವಾಗ ತೋರಿಸುತ್ತಾರೆ?