ಜಯಮ್ಮನವರು ಕಾದ ಮಧ್ಯಾಹ್ನ

ಇದರ ಕೆಲವು ವಿವರಗಳು ನನ್ನ ನೆನಪಿನಲ್ಲಿ ಜಾಗ ಬದಲಿಸಿರಬಹುದು. ಆ ಹುಡುಗಿಯ ಫ್ರಾಕು ಹಳದಿ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಕಣ್ಣೆದುರು ಬರುವುದು ಹಸಿರು. ಮಾತುಗಳನ್ನು ಅಂದೇ ರಾತ್ರಿ ಬರೆದಿಟ್ಟೆ, ಹಾಗಾಗಿ ಅವುಗಳ ಮೇಲೆ ಸ್ವಲ್ಪ ನಂಬಿಕೆಯಿದೆ.

ಕೋವಿಡ್ ಕಳೆದ ಮರುವರ್ಷದ ಬೇಸಿಗೆ ರಜೆ. ಹೆಬ್ಬಾಳದ ಬಳಿಯ ಮಕ್ಕಳ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನಾನು ಹಿರಿಯ ವೈದ್ಯೆಯಾಗಿದ್ದೆ. ಅಲ್ಲಿ ಮೊದಲು ಬಂದವರನ್ನಲ್ಲ, ಹೆಚ್ಚು ಅಪಾಯದಲ್ಲಿರುವ ಮಗುವನ್ನು ಮೊದಲು ನೋಡುತ್ತೇವೆ. ಇದಕ್ಕೆ ಟ್ರಯಾಜ್ ಎನ್ನುತ್ತಾರೆ. ಕಾಯುವವರಿಗೆ ಅದು ಅನ್ಯಾಯವಾಗಿಯೇ ಕಾಣುತ್ತದೆ. ಅದಕ್ಕಿಂತ ಕಷ್ಟದ್ದು ಇನ್ನೊಂದಿದೆ: ಕಾಯುವುದೇ ಚಿಕಿತ್ಸೆಯಾದಾಗ ಮನೆಯವರನ್ನು ಒಪ್ಪಿಸುವುದು.

ಒಂದು ಮಧ್ಯಾಹ್ನ ಕೊಡಿಗೇಹಳ್ಳಿಯ ಮಂಜುನಾಥ್ ಐದು ವರ್ಷದ ಮಗಳು ಸಿರಿಯನ್ನು ಎತ್ತಿಕೊಂಡು ಬಂದರು. ಹಿಂದೆಯೇ ಅವರ ತಾಯಿ ಜಯಮ್ಮ. ಸಹಕಾರನಗರದ ಪಾರ್ಕಿನಲ್ಲಿ ಜಾರುಬಂಡೆಯ ಏಣಿಯಿಂದ ಬಿದ್ದು ಮಗುವಿನ ತಲೆಗೆ ಪೆಟ್ಟಾಗಿತ್ತು. ಒಮ್ಮೆ ವಾಂತಿಯಾಗಿತ್ತು. ನಾನು ಪರೀಕ್ಷಿಸುವಾಗ ಚುರುಕಾಗಿಯೇ ಇದ್ದಳು.

"ಅಜ್ಜಿ, ಅಳ್ಬೇಡ. ಮೂಗು ಸೋರ್ತಿದೆ, ಅಸಹ್ಯ!" ಎಂದು ಗದರಿದಳು.

ಜಯಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, "ನಮ್ಮತ್ತೇನೇ ವಾಪಸ್ ಬಂದವ್ಳೆ ಡಾಕ್ಟ್ರಮ್ಮ" ಅಂದರು.

ಸಿ.ಟಿ. ಸ್ಕ್ಯಾನಿನ ವಿಕಿರಣವನ್ನು ಚಿಕ್ಕ ಮಕ್ಕಳಿಗೆ ಆದಷ್ಟು ತಪ್ಪಿಸುತ್ತೇವೆ. ಇಂಥ ಮಗುವನ್ನು ನಾಲ್ಕು ಗಂಟೆಯಾದರೂ ಕಣ್ಣಳತೆಯಲ್ಲಿಟ್ಟುಕೊಂಡು, ಬದಲಾವಣೆ ಕಂಡರೆ ಸ್ಕ್ಯಾನ್ ಮಾಡುವುದು ಪದ್ಧತಿ. ಸ್ವಲ್ಪ ಹೊತ್ತಿನಲ್ಲೇ ಮಂಜುನಾಥ್ ಅವರ ತಾಳ್ಮೆ ಮುಗಿಯಿತು.

"ಸ್ಕ್ಯಾನ್ ಮಾಡಲ್ಲ, ಔಷಧಿ ಕೊಡಲ್ಲ. ಸುಮ್ನೆ ಕೂರೋಕೆ ನಮ್ಮನೇಲಿ ಸೋಫಾ ಇಲ್ವಾ ಮೇಡಂ? ನಡೀಮ್ಮಾ, ಮನೇಗ್ ಹೋಗೋಣ."

ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆದರೆ ಒಳಗೆ ನಿಧಾನವಾಗಿ ರಕ್ತ ಸೇರುತ್ತಿದ್ದರೆ, ಮನೆಯಲ್ಲಿ ಮಲಗಿದ ಮಗು ಏಳದೇ ಹೋಗಬಹುದು. ಅದನ್ನು ಹೇಳಿದೆ. ಅವರು ಮಗುವನ್ನು ಎತ್ತಿಕೊಳ್ಳಲು ಬಾಗಿದರು.

"ಇರೋ ಒಂದ್ನಿಮ್ಷ" ಎಂದು ಜಯಮ್ಮ ಮಗನ ತೋಳು ಹಿಡಿದರು. "ಡಾಕ್ಟ್ರಮ್ಮ, ನೀವು ಇವಳಲ್ಲಿ ಏನ್ ನೋಡ್ತಾ ಇದೀರಿ? ನಂಗೂ ತಿಳ್ಸಿ. ಇಬ್ರೂ ನೋಡಣ."

ಅಷ್ಟು ವರ್ಷಗಳ ಕೆಲಸದಲ್ಲಿ ಹಾಗೆ ಕೇಳಿದವರು ಬೇರೆ ಯಾರೂ ನೆನಪಿಲ್ಲ. ಮತ್ತೆ ವಾಂತಿ, ಹೆಚ್ಚುವ ತಲೆನೋವು, ಮಂಪರು, ಎಂದಿನ ಸ್ವಭಾವದಲ್ಲಿ ಬದಲಾವಣೆ ಎಂದೆ. ಅವರು ತಲೆಯಾಡಿಸಿ, ಮಗನನ್ನು ಕುರ್ಚಿಗೆ ಕೂರಿಸಿ, ತಮ್ಮದೇ ಪರೀಕ್ಷೆ ಶುರುಮಾಡಿದರು. ಪೆಟ್ಟು ಬಿದ್ದ ಕಡೆ ಮುಟ್ಟದೆ, ಇನ್ನೊಂದು ಬದಿಯ ಜಡೆ ಬಿಚ್ಚಿ ಬೇಕೆಂದೇ ಸೊಟ್ಟಗೆ ಹೆಣೆಯುವುದು. ಸಿರಿ ಕೆರಳುತ್ತಿದ್ದಳು: "ನಿಂಗೆ ಜಡೆ ಹಾಕಕ್ಕೇ ಬರಲ್ಲ, ಬಿಡು!" ಬೈಗುಳ ತಿಂದ ಅಜ್ಜಿಯ ಮುಖ ಅರಳುತ್ತಿತ್ತು. ಮತ್ತೆ ಬಿಚ್ಚುತ್ತಿದ್ದರು. ಪಕ್ಕದಲ್ಲಿ ಕಾಯುತ್ತಿದ್ದವರೂ ನಗುತ್ತಿದ್ದರು.

ನಾಲ್ಕು ಗಂಟೆ ತುಂಬಲು ಸ್ವಲ್ಪ ಹೊತ್ತಿದೆ ಎನ್ನುವಾಗ ಜಯಮ್ಮ ನನ್ನ ಬಳಿ ಬಂದರು.

"ಪೂರ್ತಿ ಸೊಟ್ಟಗೆ ಹಾಕ್ದೆ. ಏನೂ ಅನ್ನಲಿಲ್ಲ. 'ಸರಿ ಅಜ್ಜಿ' ಅಂದ್ಲು." ಅವರು ಮೊಮ್ಮಗಳ ಕಡೆ ತಿರುಗಿ ನೋಡಿದರು. "ಇವಳು ಇಷ್ಟ್ ಒಳ್ಳೆಯವಳಲ್ಲ ಡಾಕ್ಟ್ರಮ್ಮ."

ಹೋಗಿ ನೋಡಿದೆ. ಸಿರಿ ಹೆಸರು ಹೇಳಿದಳು, ಕೈ ಎತ್ತೆಂದರೆ ಎತ್ತಿದಳು. ನಮ್ಮ ಅಳತೆಗಳ ಪ್ರಕಾರ ಎಲ್ಲವೂ ಸರಿ. ಆದರೆ ಆ ವಿಧೇಯತೆ ನನಗೂ ಹಿಡಿಸಲಿಲ್ಲ. ಕೂಡಲೇ ಸ್ಕ್ಯಾನಿಗೆ ಕಳಿಸಿದೆ. ಎಕ್ಸ್‌ಟ್ರಾಡ್ಯೂರಲ್ ರಕ್ತಸ್ರಾವ, ಅಂದರೆ ತಲೆಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ಸೇರುತ್ತಿತ್ತು. ರಾತ್ರಿಯಾಗುವ ಮೊದಲೇ ಶಸ್ತ್ರಚಿಕಿತ್ಸೆಯಾಯಿತು. ಕೆಲವು ದಿನಗಳಲ್ಲಿ ಸಿರಿ ಬ್ಯಾಂಡೇಜಿನ ಕೆಳಗಿನಿಂದಲೇ ವಾರ್ಡಿನವರನ್ನೆಲ್ಲ ಆಳತೊಡಗಿದಳು.

ಮನೆಗೆ ಹೊರಡುವಾಗ ಅಭಿಪ್ರಾಯ ಕೇಳಿದವರಿಗೆ ಮಂಜುನಾಥ್ ಆರೈಕೆ ತುಂಬಾ ಚೆನ್ನಾಗಿತ್ತು, ಕಾಯಿಸಿದ್ದು ಮಾತ್ರ ವಿಪರೀತ ಎಂದರಂತೆ. ಎರಡೂ ನಿಜ. ಅಂದಿನಿಂದ ನಾನು ಕಾಯುವವರಿಗೆಲ್ಲ ಏನನ್ನು ಗಮನಿಸುತ್ತಿದ್ದೇವೆಂದು ಮೊದಲೇ ಹೇಳಿ, ಮಗು ಮಾಮೂಲಿಯಾಗಿ ಹೇಗಿರುತ್ತದೆಂದು ಕೇಳುತ್ತೇನೆ. ಕಾಯುವ ಹೊತ್ತು ಇದರಿಂದ ಕಡಿಮೆಯಾಗಿಲ್ಲ. ಜಗಳ ಕಡಿಮೆಯಾಗಿದೆ ಎನಿಸುತ್ತದೆ. ನನ್ನ ಅನಿಸಿಕೆಯನ್ನು ನಾನು ಪೂರ್ತಿ ನಂಬುವುದಿಲ್ಲ.

ಹೊಲಿಗೆ ಬಿಚ್ಚಿಸಲು ಬಂದ ದಿನ ಲಿಫ್ಟಿನ ಮುಂದೆ ಜಯಮ್ಮನವರನ್ನು ಒಂದು ಮಾತು ಕೇಳಿದೆ. ಅವರು ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಮುಖ ನೋಡಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು, ಮೊಮ್ಮಗಳು ಎಳೆದುಕೊಂಡು ಹೋದಳು. ನಾನು ಕೇಳಿದ್ದು ಇಷ್ಟೇ:

"ಅಮ್ಮಾ, ಆವತ್ತು ನಮ್ಮನ್ನ ನಂಬಿ ಕೂತಿದ್ರಾ, ಇಲ್ಲ ನಂಬಿಕೆ ಇಲ್ದೇನೇ ಅಷ್ಟು ಕಣ್ಣಿಟ್ಟು ನೋಡಿದ್ರಾ?"