ಗಾಜಕ್ಕನ ರೇಟು

ಗಾಜಕ್ಕ ಎಂಬ ಹೆಸರು ಅವಳಿಗೆ ಬಿದ್ದದ್ದು ಸೋಫಾ ಮಂಚ ಮಾರುವ ಒಂದು ದೊಡ್ಡ ಅಂಗಡಿಯಲ್ಲಿ. ಆ ಅಂಗಡಿಗೆ ಬೀದಿಯ ಕಡೆ ಗೋಡೆಯೇ ಇರಲಿಲ್ಲ, ನೆಲದಿಂದ ಮೇಲಿನವರೆಗೆ ಬರೀ ಗಾಜು. ಮದುವೆಯಾದ ಹೊಸತರಲ್ಲಿ ಸೇರಿದವಳು ತಲೆಯಲ್ಲಿ ಬಿಳಿ ಕೂದಲು ಕಾಣುವವರೆಗೂ ಆ ಗಾಜನ್ನು ಒರೆಸಿದಳು. ಒಮ್ಮೆ ಒಬ್ಬ ಗಿರಾಕಿ ಅಲ್ಲಿ ಗಾಜಿರುವುದೇ ಕಾಣದೆ ನೇರ ನಡೆದು ಬಂದು ಮೂಗು ಜಜ್ಜಿಕೊಂಡ. ಅವಳನ್ನು ಬೈಯಬೇಕೋ ಹೊಗಳಬೇಕೋ ತಿಳಿಯದೆ ಮಾಲೀಕರು ಗಿರಾಕಿಯ ಮೂಗಿಗೆ ಐಸು ತರಿಸಿದರು. ಅಲ್ಲಿ ಅವಳು ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ತಿಂಗಳು ಮುಗಿದರೆ ಸಂಬಳ. ಅಂಗಡಿಯೇ ಮುಚ್ಚಿಹೋದ ಮೇಲೆ ತಲೆ ಕೆಡಲು ಶುರುವಾಯಿತು.

"ಮನೆಮನೆಗೆ ಹೋಗಿ ಕಿಟಕಿ ಒರೆಸ್ತೀನಿ. ಎಷ್ಟು ತಗೊಳ್ಳಲಿ?" ಎಂದು ಗಂಡನನ್ನು ಕೇಳಿದಳು. ಅವನು ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ.

"ಜಾಸ್ತಿನೂ ಬೇಡ, ಕಮ್ಮಿನೂ ಬೇಡ," ಎಂದು ಹೇಳಿ ಶೂ ಹಾಕಿಕೊಂಡು ಕೆಲಸಕ್ಕೆ ಹೊರಟುಬಿಟ್ಟ.

ಜೊತೆಗೆ ನಾದಿನಿ ಸೇರಿಕೊಂಡಳು. ಒಂದು ಮಡಚುವ ಏಣಿ, ಎರಡು ಬಕೆಟ್, ರಬ್ಬರಿನ ವೈಪರ್, ಹಳೆಯ ಬನಿಯನ್ ಬಟ್ಟೆ, ಗಾಜಿಗಂಟಿದ ಬಣ್ಣ ಕೆರೆಯಲು ಒಂದು ಬ್ಲೇಡು, ಇಷ್ಟೇ ಬಂಡವಾಳ. ಏಣಿಯ ಒಂದು ತುದಿ ಅತ್ತಿಗೆ, ಇನ್ನೊಂದು ತುದಿ ನಾದಿನಿ ಹಿಡಿದು ಬೀದಿಯಲ್ಲಿ ಹೋಗುತ್ತಿದ್ದರೆ ಎದುರು ಬರುವ ಸೈಕಲ್ಲುಗಳೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದವು.

ಮೊದಲ ಕರೆ ಬಂದದ್ದು ನಿವೃತ್ತ ಬ್ಯಾಂಕ್ ಮ್ಯಾನೇಜರರ ಮನೆಯಿಂದ. ಕೆಲಸ ಮುಗಿದ ಮೇಲೆ ಅವರು "ಎಷ್ಟಮ್ಮ?" ಎಂದರು. ಗಾಜಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ನೋಡಿ ಕೊಡಿ ಸಾರ್," ಎಂದಳು. ಸಾರ್ ನಿಜಕ್ಕೂ ನೋಡಿದರು. ಒಂದೊಂದೇ ಕಿಟಕಿಯ ಮುಂದೆ ನಿಂತು, ಬೆಳಕಿಗೆ ಓರೆಯಾಗಿ ಕಣ್ಣು ಹಾಯಿಸಿ, ಅಡುಗೆಮನೆಯ ಗಾಜಿನ ಮೂಲೆಯಲ್ಲಿ ಒಂದು ಬೆರಳಿನ ಗುರುತು ಪತ್ತೆ ಮಾಡಿ, ಆಮೇಲೆ ಕೊಟ್ಟರು. ಇಬ್ಬರ ಬಸ್ ಚಾರ್ಜು, ಸೋಪಿನ ಖರ್ಚು ಕಳೆದರೆ ಉಳಿದದ್ದು ಒಂದು ಲೋಟ ಕಾಫಿಗೂ ಸಾಲುತ್ತಿರಲಿಲ್ಲ.

"ಇನ್ಮೇಲೆ ಕಿಟಕಿಗೆ ಇಷ್ಟು ಅಂತ ಮೊದಲೇ ಹೇಳಿಬಿಡೋಣ ಅತ್ತಿಗೆ," ಎಂದಳು ನಾದಿನಿ.

ಹೇಳಿದರು. ಮುಂದಿನದು ಡಾಕ್ಟರಮ್ಮನ ಹಳೆಯ ಮನೆ. ಕಿಟಕಿ ಒಂಬತ್ತೇ. ಆದರೆ ಒಂದೊಂದು ಕಿಟಕಿಯಲ್ಲೂ ಮರದ ಪಟ್ಟಿಗಳ ನಡುವೆ ಅಂಗೈಯಗಲದ ಗಾಜಿನ ಚೂರುಗಳು, ಎಣಿಸಹೊರಟರೆ ಲೆಕ್ಕ ತಪ್ಪುವಷ್ಟು. ಅವುಗಳ ಮೂಲೆಗಳಿಗೆ ವೈಪರ್ ಹೋಗದು, ಬೆರಳಿಗೆ ಬಟ್ಟೆ ಸುತ್ತಿ ಒಂದೊಂದನ್ನೇ ತಿಕ್ಕಬೇಕು. ಮಧ್ಯಾಹ್ನ ಕಳೆದು ಸಂಜೆಯಾದರೂ ಹಿಂದಿನ ಕೋಣೆ ಬಾಕಿ ಇತ್ತು. ಕತ್ತಲಾಗಿ ಅದೂ ಮುಗಿದ ಮೇಲೆ ಡಾಕ್ಟರಮ್ಮ ಒಳ್ಳೆಯ ಮನಸ್ಸಿನಿಂದಲೇ "ಒಂಬತ್ತು ಕಿಟಕಿ ತಾನೇ?" ಎಂದು ಹಣ ಕೊಟ್ಟರು. ಒಂಬತ್ತು ಎನ್ನುವುದನ್ನು ಅಲ್ಲಗಳೆಯುವುದು ಹೇಗೆ?

ಹಾಗಾದರೆ ಗಾಜಿಗೆ ಇಷ್ಟು ಎಂದು ಬದಲಾಯಿಸಿದರು. ವಾರ ಕಳೆಯುವಷ್ಟರಲ್ಲಿ ಒಂದು ಹೊಸ ಮನೆ ಸಿಕ್ಕಿತು. ಅದರ ಹಜಾರಕ್ಕೆ ಗೋಡೆಯಷ್ಟು ಎತ್ತರದ, ಗೋಡೆಯಷ್ಟೇ ಅಗಲದ ಒಂದೇ ಒಂದು ಗಾಜು. ಏಣಿಯ ಕೊನೆಯ ಮೆಟ್ಟಿಲಲ್ಲಿ ತುದಿಗಾಲಲ್ಲಿ ನಿಂತು ಗಾಜಕ್ಕ ಅದನ್ನು ಒರೆಸಿದಳು. ಕೆಳಗೆ ಏಣಿ ಹಿಡಿದಿದ್ದ ನಾದಿನಿ ಭಯಕ್ಕೆ ಕಣ್ಣು ಮುಚ್ಚಿಕೊಂಡಿದ್ದಳು. ಇಳಿದು ಬಂದಾಗ ಮನೆಯಾತ ನಗುತ್ತ ಒಂದು ಗಾಜಿನ ದುಡ್ಡು ಮುಂದೆ ಹಿಡಿದ.

ಆಮೇಲೆ ಗಂಟೆಯ ಲೆಕ್ಕ. ಇದು ಇನ್ನೂ ಕಗ್ಗಂಟಾಯಿತು. ಗಾಜಕ್ಕನ ಕೈ ಬಲು ಚುರುಕು, ನಾದಿನಿಯದು ನಿಧಾನ. ಬೇರೆಬೇರೆ ಮನೆಗೆ ಹೋದ ದಿನ ನಾದಿನಿ ಹೆಚ್ಚು ದುಡಿದು ತರುತ್ತಿದ್ದಳು. ಇದೆಂಥ ನ್ಯಾಯ ಎಂದು ಗಾಜಕ್ಕನಿಗೆ ಬಗೆಹರಿಯಲಿಲ್ಲ. ಬೇಕೆಂದೇ ನಿಧಾನ ಮಾಡೋಣವೆಂದರೆ ಕೈ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಒಬ್ಬಾಕೆ "ಮುಂದಿನ ಸಲ ನೀವೊಬ್ರೇ ಬನ್ನಿ, ಅವರನ್ನ ಕರ್ಕೊಂಡು ಬರ್ಬೇಡಿ," ಎಂದು ನಾದಿನಿಯ ಎದುರಿಗೇ ಅಂದುಬಿಟ್ಟರು. ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಬೇರೆಬೇರೆ ಸೀಟಿನಲ್ಲಿ ಕುಳಿತರು.

ಇಳಿಯುವಾಗ ನಾದಿನಿ ಬಾಯಿ ಬಿಟ್ಟಳು. "ಅತ್ತಿಗೆ, ನಾವು ಕಿಟಕಿ ಕಡೆಯಿಂದ ಲೆಕ್ಕ ಹಾಕ್ತಾ ಇದ್ದೀವಿ. ಮನೆ ಕಡೆಯಿಂದ ಹಾಕಿ ನೋಡಿ."

"ಯಾರ ಮನೆ?"

"ನಮ್ಮನೆ. ದಿನ ಕಳೆಯೋಕೆ ನಮಗಿಬ್ಬರಿಗೂ ಎಷ್ಟು ಬೇಕು? ಯಾರೂ ಕರೀದೆ ಇರೋ ದಿನಗಳೂ ಇರ್ತಾವಲ್ಲ, ಅವುಕ್ಕೆ ಎಷ್ಟು? ಬಸ್ಸು, ಸೋಪು, ರಬ್ಬರ್ ಸವೆಯೋದು? ಅದೆಲ್ಲ ಸೇರಿಸಿ. ಒಂದು ಮನೆ ನಮ್ಮ ಅರ್ಧ ದಿನ ತಿನ್ನುತ್ತೆ ಅಂದ್ರೆ ಆ ಮನೆಗೆ ಅದರ ಅರ್ಧ."

ಗಾಜಕ್ಕ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಬೆರಳು ಮಡಚಿ ಲೆಕ್ಕ ಹಾಕಿದಳು. ಬಂದ ಮೊತ್ತ ನೋಡಿ ಅವಳಿಗೇ ಗಾಬರಿ. ಈವರೆಗೆ ತೆಗೆದುಕೊಂಡದ್ದರ ಎರಡರಷ್ಟಕ್ಕೂ ಹೆಚ್ಚಿತ್ತು. "ಇಷ್ಟು ಕೇಳಿದ್ರೆ ಬಾಗಿಲು ಹಾಕ್ಕೋತಾರೆ ಕಣೆ."

ಆದರೂ ಡಾಕ್ಟರಮ್ಮ ಮತ್ತೆ ಕರೆದಾಗ ಧೈರ್ಯ ಮಾಡಿದಳು. ಬಕೆಟ್ ಕೆಳಗಿಡದೆ ಮೊದಲು ಮನೆ ಸುತ್ತಿ ನೋಡಿದಳು. ಕಿಟಕಿಯ ಕಟ್ಟೆಗಳ ಮೇಲೆ ಸರಿಸಬೇಕಾದ ಕುಂಡಗಳು, ಬಿಚ್ಚಬೇಕಾದ ಪರದೆಗಳು, ಏಣಿ ಊರಲು ಜಾಗವಿಲ್ಲದ ಮೂಲೆಗಳು, ಎಲ್ಲವನ್ನೂ ನೋಡಿ, ಇಡೀ ಮನೆಗೆ ಒಂದೇ ರೇಟು ಹೇಳಿ ನೆಲ ನೋಡುತ್ತ ನಿಂತಳು.

"ಆಯ್ತು," ಎಂದರು ಡಾಕ್ಟರಮ್ಮ, ಕೈಯಲ್ಲಿದ್ದ ಪತ್ರಿಕೆಯಿಂದ ಕಣ್ಣು ಎತ್ತದೆ.

ಆ ದಿನವೆಲ್ಲ ಗಾಜಕ್ಕನಿಗೆ ನೆಮ್ಮದಿಯಿಲ್ಲ. ಅಷ್ಟು ಬೇಗ ಒಪ್ಪಿದರೆಂದರೆ ಇನ್ನೂ ಕೇಳಬಹುದಿತ್ತೇ? ಅಥವಾ ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇ? ದುಡ್ಡು ಕೈಗೆ ಬಂದ ಮೇಲೂ ಅನುಮಾನ ಹೋಗಲಿಲ್ಲ. ಬ್ಯಾಂಕಿನ ಸಾರ್ ಮಾತ್ರ ಹೊಸ ರೇಟು ಕೇಳಿ "ನಾನೇ ಒರೆಸ್ಕೋತೀನಿ" ಎಂದರು. ಒಬ್ಬ ಗಿರಾಕಿ ಹೋದ ಎಂದು ಅವಳಿಗೆ ಬೇಸರವಾಗಬೇಕಿತ್ತು. ಹಗುರವೆನಿಸಿತು. ಅದೂ ಅರ್ಥವಾಗಲಿಲ್ಲ.

ಹೊಸ ರೇಟನ್ನು ಅವಳು ಹೇಳದೆ ಬಿಟ್ಟದ್ದು ಒಬ್ಬರಿಗೆ ಮಾತ್ರ. ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ವಯಸ್ಸಾದ ದರ್ಜಿಯೊಬ್ಬರಿದ್ದರು. ಒಂದೇ ಕೋಣೆ, ಒಂದೇ ಕಿಟಕಿ, ಕಿಟಕಿಗೆ ಒರಗಿಸಿದಂತೆ ಹೊಲಿಗೆ ಮಿಷನ್ನು. ಕಣ್ಣು ಮಂಜಾದ ಅವರಿಗೆ ಸೂಜಿಗೆ ದಾರ ಪೋಣಿಸಲು ಆ ಕಿಟಕಿಯ ಬೆಳಕೇ ಗತಿ. ಅಂಥದೇ ಒಂದು ಕೋಣೆಯಿದ್ದ ಕೆಳಗಿನ ಮಹಡಿಯವರಿಂದ ಪೂರ್ತಿ ತೆಗೆದುಕೊಂಡು ಇವರಿಂದ ಅರ್ಧವಷ್ಟೇ ತೆಗೆದುಕೊಳ್ಳುತ್ತಿದ್ದಳು. ಹಾಗೆ ಮಾಡಿ ಮೆಟ್ಟಿಲಿಳಿಯುವಾಗ ಮನಸ್ಸಿಗೆ ಖುಷಿಯಾಗುತ್ತಿತ್ತು.

ಆಮೇಲೆ ದರ್ಜಿ ಕರೆಯುವುದನ್ನೇ ಬಿಟ್ಟರು. ಒಂದು ದಿನ ಬಕೆಟ್ ಹಿಡಿದು ಆ ಬೀದಿಯಲ್ಲಿ ಹೋಗುವಾಗ ತಲೆಯೆತ್ತಿ ನೋಡಿದರೆ ಕಿಟಕಿಗೆ ಧೂಳು ಹತ್ತಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹುಷಾರಿಲ್ಲವೇನೋ ಎಂದು ಆತಂಕದಿಂದ ಮೇಲೆ ಹತ್ತಿದಳು. ಅವರು ಹುಷಾರಾಗಿಯೇ ಇದ್ದರು, ಹಗಲಲ್ಲೇ ದೀಪ ಹಾಕಿಕೊಂಡು ಕಾಲರ್ ಹೊಲಿಯುತ್ತಿದ್ದರು.

"ಯಾಕಜ್ಜ, ಕರೀಲೇ ಇಲ್ಲ?"

ಅವರು ಮಿಷನ್ ನಿಲ್ಲಿಸಿದರು. "ಕೆಳಗಿನ ಮನೇವ್ರ ಹತ್ರ ಎಷ್ಟು ತಗೋತೀಯ?"

ಗಾಜಕ್ಕ ಹೇಳಿದಳು.

"ನನ್ನ ಹತ್ರ?"

ಅವಳು ಬಕೆಟ್ಟನ್ನು ಕೆಳಗಿಟ್ಟಳು.

"ನಾನೇನು ನಿನ್ನ ಹತ್ರ ಕೈ ಚಾಚಿದ್ನಾ? ದುಡಿದು ತಿನ್ನೋನು ನಾನು."

ಒಳ್ಳೆಯದು ಮಾಡಿದೆ ಎಂದುಕೊಂಡಿದ್ದು ಅವಮಾನವಾಗಿ ತಲುಪಿತ್ತು. "ಹಾಗಾದ್ರೆ ಕೆಳಗಿನವ್ರ ರೇಟೇ ಕೊಡಿ ಅಜ್ಜ," ಎಂದಳು.

"ಅಷ್ಟೊಂದಾ? ಒಂದೇ ಕಿಟಕಿಗೆ? ಸ್ವಲ್ಪ ಬಿಟ್ಟು ಹೇಳು."

ಗಾಜಕ್ಕ ಕಣ್ಣು ಕಣ್ಣು ಬಿಟ್ಟಳು. "ಈಗಷ್ಟೇ ಕಮ್ಮಿ ತಗೊಂಡೆ ಅಂತ ಬೈದ್ರಿ."

"ನೀನಾಗಿ ಬಿಟ್ರೆ ಅದು ಕನಿಕರ. ನಾನು ಕೇಳಿ ಬಿಡಿಸ್ಕೊಂಡ್ರೆ ಅದು ವ್ಯಾಪಾರ. ಹೇಳು, ಎಷ್ಟಕ್ಕೆ ಮುಗಿಸ್ತೀಯ?"

ಇಬ್ಬರೂ ಬಹಳ ಹೊತ್ತು ಚೌಕಾಸಿ ಮಾಡಿದರು. ಅವರು ಒಂದು ಹೇಳಿದರೆ ಇವಳು ಇನ್ನೊಂದು ಹೇಳಿದಳು. ಕೊನೆಗೆ ನಿಂತ ಮೊತ್ತ ಪೂರ್ತಿಗಿಂತ ಕಡಿಮೆ, ಅರ್ಧಕ್ಕಿಂತ ತುಸು ಹೆಚ್ಚು. ಅವರು ಗೆದ್ದವರಂತೆ ಮಿಷನ್ನನ್ನು ಕಿಟಕಿಯಿಂದ ಹಿಂದಕ್ಕೆ ಸರಿಸಿ ಜಾಗ ಮಾಡಿಕೊಟ್ಟರು. ಅವಳು ಬಟ್ಟೆ ಹಿಂಡಿ ಗಾಜಿಗೆ ಕೈ ಹಚ್ಚಿದಳು. ಸೋತದ್ದು ಯಾರೆಂದು ಅವಳಿಗೆ ತಿಳಿಯಲಿಲ್ಲ.

ಈಗ ಅವರ ಕೆಲಸ ಚೆನ್ನಾಗಿ ನಡೆಯುತ್ತಿದೆ. ಎರಡನೇ ಏಣಿ ಬಂದಿದೆ. ನಾದಿನಿ ಅಂಗೈಯಗಲದ ಗಾಜುಗಳ ಹಳೆಯ ಮನೆಗಳನ್ನು ನೋಡಿಕೊಳ್ಳುತ್ತಾಳೆ, ಅಲ್ಲಿ ಅವಳ ನಿಧಾನಕ್ಕೆ ಬೆಲೆಯಿದೆ. ದೊಡ್ಡ ಗಾಜುಗಳು ಗಾಜಕ್ಕನ ಪಾಲು. ಹೊಸ ಮನೆಗೆ ಹೋದಾಗ ಅವಳು ಸುತ್ತಿ ನೋಡುತ್ತಾಳೆ, ಮನಸ್ಸಿನಲ್ಲೇ ಲೆಕ್ಕ ಹಾಕಿ ರೇಟು ಹೇಳುತ್ತಾಳೆ. ಅವರು "ಜಾಸ್ತಿ ಆಯ್ತು" ಎಂದರೂ, "ಆಯ್ತು, ಶುರು ಮಾಡಿ" ಎಂದರೂ, ಹೆಚ್ಚು ಕೇಳಿದೆನೋ ಕಡಿಮೆ ಕೇಳಿದೆನೋ ತಿಳಿಯದೆ ಒಂದು ಗಳಿಗೆ ಏಣಿ ಹಿಡಿದು ನಿಂತೇ ಇರುತ್ತಾಳೆ.