ಬಿಳಿ ಬಟ್ಟೆಯ ಶನಿವಾರಗಳು

2006ರಲ್ಲಿ, ಒಂಬತ್ತನೇ ತರಗತಿಯ ದಸರಾ ರಜೆ ಮುಗಿದ ಮೇಲೆ, ನಾನು ಶಾಲೆಗೆ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಶಿಕಾರಿಪುರದಲ್ಲಿ ಅಪ್ಪನ ಟೈಲರ್ ಅಂಗಡಿಯಿತ್ತು. ರಜೆಯಲ್ಲಿ ನಾನು ಹೊಲಿದ ಮೊದಲ ಅಂಗಿಯ ಕಾಲರ್ ಸೊಟ್ಟಗಾಗದೆ ಕೂತಿತ್ತು. ಅಷ್ಟು ಸಾಕಾಯಿತು. ಅಪ್ಪನ ನಂತರ ಅಂಗಡಿ ನನ್ನದಾಯಿತು. ಹೊಲಿದ ಪ್ರತಿ ಅಂಗಿಯ ಕಾಲರಿನೊಳಗೆ ಅಂಗಡಿಯ ಹೆಸರಿನ ಲೇಬಲ್ ಹಾಕುತ್ತೇನೆ. ಹೊಲಿಗೆ ಬಿಚ್ಚಿದರೆ ಯಾರನ್ನು ಬಯ್ಯಬೇಕೆಂದು ಗಿರಾಕಿಗೆ ಗೊತ್ತಿರಲಿ ಎಂದು. ಇದುವರೆಗೆ ಬಯ್ಯಲು ಯಾರೂ ಬಂದಿಲ್ಲ.

ನನ್ನ ಹೆಂಡತಿ ಸೊರಬ ತಾಲ್ಲೂಕಿನವಳು, ಕ್ಯಾಸನೂರಿನ ಕಡೆ. ಕಾಡಿನಲ್ಲಿ ಮಂಗ ಸತ್ತಿದೆ ಎಂದು ಸುದ್ದಿಯಾದರೆ ಅವಳ ಊರಿನ ಹೆಂಗಸರು ಸೊಪ್ಪಿಗೆ ಹೋಗುವುದನ್ನು ನಿಲ್ಲಿಸುತ್ತಿದ್ದರು. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ತರುವ ಉಣುಗು ಎಂಬ ಆ ಸಣ್ಣ ಹುಳುವಿನ ಬಗ್ಗೆಯೇ ಓದಬೇಕೆಂದು ಅವಳ ತಲೆಗೆ ಚಿಕ್ಕಂದಿನಲ್ಲೇ ಹತ್ತಿತ್ತು. ಮದುವೆಯಾದ ಮೇಲೂ ಓದಿದಳು. ಮೂರು ವರ್ಷದ ಹಿಂದೆ ಸ್ಕಾಟ್ಲೆಂಡಿನಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿತು.

"ನೀವು ಬರದಿದ್ರೆ ನಾನೂ ಹೋಗಲ್ಲ ಮಾರಾಯ್ರೆ" ಅಂದಳು. ಅಂಗಡಿಯ ಶಟರ್ ಎಳೆದು ಹೊರಟೆ.

ಅಲ್ಲಿ ಯೂನಿವರ್ಸಿಟಿಯವರು ನಮಗೆ ಕೊಟ್ಟ ಮನೆಯ ಕಾಗದದಲ್ಲಿ ನಾವಿಬ್ಬರೂ 'ಸ್ಟೂಡೆಂಟ್ ಕಪಲ್'.

"ನೋಡಿ ರೀ, ನಿಮ್ಮನ್ನೂ ಕಾಲೇಜಿಗೆ ಸೇರಿಸ್ಬಿಟ್ರು!" ಎಂದು ನಕ್ಕಳು. ನಾನೂ ನಕ್ಕೆ.

ಬೆಳಿಗ್ಗೆ ಎಂಟಕ್ಕೆ ಅವಳು ಲ್ಯಾಬಿಗೆ ಹೋಗುತ್ತಿದ್ದಳು. ನಾನು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಪ್ಯಾಂಟಿನ ಅಂಚು ಮಡಿಸಿ ಹೊಲಿಯುತ್ತಿದ್ದೆ. ನಮ್ಮಲ್ಲಿ ಅಳತೆ ಅಂದರೆ ಮಾತು. ಹೊಟ್ಟೆ ಬಂದದ್ದು, ಮಗಳಿಗೆ ಗಂಡು ನೋಡುತ್ತಿರುವುದು, ಎಲ್ಲಾ ಟೇಪು ಹಿಡಿದಾಗಲೇ ಹೊರಬೀಳುವುದು. ಅಲ್ಲಿ ಪಿನ್ನು ಚುಚ್ಚಿದ ಬಟ್ಟೆ ಚೀಲದಲ್ಲಿ ಬರುತ್ತಿತ್ತು, ಮನುಷ್ಯ ಬರುತ್ತಿರಲಿಲ್ಲ. ಎಷ್ಟೋ ದಿನ ಸಂಜೆಯವರೆಗೆ 'ಹಲೋ', 'ಥ್ಯಾಂಕ್ಯೂ' ಎರಡೇ ಮಾತಾಡಿ ಮನೆಗೆ ಬಂದಿದ್ದೇನೆ.

ಶನಿವಾರ ಮಾತ್ರ ನಮ್ಮದು. ಮದುವೆಯಾದ ಹೊಸತರಲ್ಲಿ ನಾವು ಸುತ್ತಿದ್ದು ಅವಳ ಊರ ಕಡೆಯ ಗುಡವಿಯ ಹಕ್ಕಿ ಕೆರೆಯೊಂದೇ. ಅಲ್ಲಿ ಬುತ್ತಿ ಕಟ್ಟಿಕೊಂಡು, ಬಸ್ಸು ಹತ್ತಿ, ಗುಡ್ಡಗಳಿಗೆ ಹೋಗುತ್ತಿದ್ದೆವು. ನನಗೆ ಜೋಳದ ರೊಟ್ಟಿ ಬೇಕು, ಅವಳು ಅಕ್ಕಿರೊಟ್ಟಿಯೇ ತಟ್ಟುವುದು.

"ಇದೇನು, ರೊಟ್ಟಿನೋ ಕರವಸ್ತ್ರನೋ?" ಅಂದರೆ, "ಅಂಚು ಹೊಲ್ದು ತಿನ್ನಿ" ಅನ್ನುವಳು.

ಸುತ್ತಾಟವೆಂದರೂ ಅದು ಅವಳ ಕೆಲಸವೇ. ಕೋಲಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ಹುಲ್ಲಿನ ಮೇಲೆ ಎಳೆದುಕೊಂಡು ನಡೆಯಬೇಕು. ಹತ್ತು ಹೆಜ್ಜೆಗೊಮ್ಮೆ ಮಗುಚಿ, ಅಂಟಿದ ಉಣುಗುಗಳನ್ನು ಎಣಿಸಬೇಕು. ಲ್ಯಾಬಿನವರು ಕೊಟ್ಟ ಬಟ್ಟೆಯ ಅಂಚು ಎಳೆ ಬಿಟ್ಟಿತ್ತು, ಗಾಳಿಗೆ ಹಾರುತ್ತಿತ್ತು. ನಾನು ದಪ್ಪ ಬಟ್ಟೆ ತಂದು, ಅಂಚಿನೊಳಗೆ ಕಬ್ಬಿಣದ ವಾಷರ್‌ಗಳನ್ನಿಟ್ಟು, ಹುಳು ಅಡಗದಂತೆ ಚಪ್ಪಟೆಯಾಗಿ ಹೊಲಿದುಕೊಟ್ಟೆ. ಗಾಳಿ ಎಷ್ಟೇ ಬೀಸಲಿ, ಬಟ್ಟೆ ನೆಲ ಬಿಡಲಿಲ್ಲ.

ಒಂದು ಶನಿವಾರ ಅವಳ ಜೊತೆ ಓದುವ ಮೂವರು ಬಂದಿದ್ದರು. ಅವರಲ್ಲೊಬ್ಬಳು ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು, ಯಾರು ಮಾಡಿದ್ದು ಎಂದು ಕೇಳಿದಳು. ಹೆಂಡತಿ ನನ್ನನ್ನು ತೋರಿಸಿದಳು.

"ಟೆಕ್ಸ್‌ಟೈಲ್ಸ್‌ನಲ್ಲಿದ್ದಾರೆ" ಅಂದಳು, ಇಂಗ್ಲಿಷಿನಲ್ಲಿ.

"ಓ! ಇವರದೂ ಪಿಎಚ್‌ಡಿಯಾ?"

ಹೆಂಡತಿ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಸುಮ್ಮನೆ ನಕ್ಕಳು. ಅಷ್ಟು ಇಂಗ್ಲಿಷ್ ನನಗೂ ಅರ್ಥವಾಗುತ್ತದೆ. ಸಂಜೆಯವರೆಗೆ ಬೇರೊಂದು ದಾರಿ ಹಿಡಿದು ಒಬ್ಬನೇ ಬಟ್ಟೆ ಎಳೆದೆ. ಮನೆಗೆ ಬಂದು ಶೂ ಬಿಚ್ಚುವಾಗ ಕೇಳಿದೆ.

"ಟೆಕ್ಸ್‌ಟೈಲ್ಸ್ ಅಂದ್ರೆ ಏನೇ?"

"ಬಟ್ಟೆ ಅಂತ ರೀ."

"ನಿನ್ ಗಂಡ ಯಾರು ಅಂತ ಕೇಳಿದ್ರೆ ಬಟ್ಟೆ ಅಂತೀಯಾ? ಟೈಲರ್ ಅಂದ್ರೆ ನಾಲಿಗಿ ಸುಡ್ತೈತಾ?"

"ಅವ್ರು ನಿಮ್ಗೆ ಮರ್ಯಾದೆ ಕೊಡ್ಲಿ ಅಂತ ಹಂಗಂದೆ."

"ನನ್ ಮರ್ಯಾದಿ ನಾನೇ ಹೊಲ್ಕೊಂಡೀನಿ. ನೀನು ಅದರ ಅಳತಿ ತಗಳಾಕ ಬರಬ್ಯಾಡ."

ಮುಂದಿನ ಶನಿವಾರ ನನಗೆ ಕೆಲಸವಿದೆ ಅಂದೆ. ಅದರ ಮುಂದಿನದೂ ಹಾಗೇ ಆಯಿತು. ಅವಳು ಒಬ್ಬಳೇ ಹೋಗಿ ಬರುವಳು, ನಾನು ಕಿಟಕಿಯ ಬಳಿ ಕೂತು ಬಸ್ಸು ಕಾಯುವೆ, ಬಂದಾಗ ಕಾಯದವನಂತೆ ಎದ್ದು ಒಳಗೆ ಹೋಗುವೆ. ಕೊನೆಗೆ, ಅಂಗಡಿ ಬಹಳ ದಿನ ಮುಚ್ಚಿದರೆ ಗಿರಾಕಿಗಳು ತಪ್ಪುತ್ತಾರೆ ಎಂದು ಹೇಳಿ ಊರಿಗೆ ಬಂದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹತ್ತು ತಿಂಗಳಾಯಿತು. ಫೋನಿನಲ್ಲಿ ಊಟ, ಚಳಿ, ಅವಳ ತವರಿನ ಸುದ್ದಿ ಮಾತಾಡುತ್ತೇವೆ. ಆ ಶನಿವಾರದ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಹೋದ ವಾರ ಫೋನು ಮಾಡಿದಾಗ ಬಿಳಿ ಬಟ್ಟೆ ಸವೆದಿದೆ ಅಂದಳು.

"ಆರು ಬೇಕು ರೀ, ಎಲ್ರಿಗೂ. ಅದೇ ಥರ, ವಾಷರ್ ಹಾಕಿ."

"ಆತು."

"ಮತ್ತೆ... ಮೂಲೆಗೆ ಲೇಬಲ್ ಹಾಕಿ."

"ಎಂಥ ಲೇಬಲ್? ನಿಮ್ ಲ್ಯಾಬಿಂದಾ?"

"ಅಲ್ಲ ಮಾರಾಯ್ರೆ. ಅಂಗಿ ಕಾಲರಿಗೆ ಹಾಕ್ತೀರಲ್ಲ, ಅದು. ಯಾರು ಹೊಲಿದಿದ್ದು ಅಂತ ಕೇಳ್ತಿದ್ರು. ನನ್ ಗಂಡ, ಶಿಕಾರಿಪುರದಲ್ಲಿ ಟೈಲರ್ ಅಂತ ಹೇಳಿದೀನಿ."

ನಾನು ಟೇಪನ್ನು ಬೆರಳಿಗೆ ಸುತ್ತಿಕೊಂಡೆ.

"ಹೊಲಿಗಿ ಬಿಚ್ಚಿದ್ರ ಬಯ್ಯಾಕ ಇಲ್ಲಿಗೇ ಬರಬೇಕಾಕೈತಿ ಅಂತ ಹೇಳು ಅವರಿಗೆ" ಅಂದೆ.

ಈಗ ನನ್ನ ಹತ್ತಿರ ಎರಡು ಹೊಲಿಗೆ ಯಂತ್ರ, ಅಪ್ಪನ ಒಂದು ಕತ್ತರಿ, ಲೇಬಲ್ ಹಾಕಿ ಮುಗಿಸಿದ ನಾಲ್ಕು ಬಿಳಿ ಬಟ್ಟೆ, ಕತ್ತರಿಸಿಟ್ಟ ಇನ್ನೆರಡು ಇವೆ. ಅವಳು ಓದು ಮುಗಿಸಿ ಬರುವುದಕ್ಕೆ ಇನ್ನು ಹದಿನಾಲ್ಕು ತಿಂಗಳು.